ಅವ್ವ ಒಳಗೆ ಹೋದ ಮೇಲೆ ಹೊರಡುವ ಗಾಡಿ

ಪೆಟ್ರೋಲಿನ ವಾಸನೆ ಬಂದರೆ ಇವತ್ತಿಗೂ ನನಗೆ ಹೊಟ್ಟೆ ತೊಳಸುತ್ತದೆ. ಬಸ್ಸಿನಲ್ಲಿ ಯಾರಾದರೂ ಕ್ಯಾನು ಹಿಡಿದುಕೊಂಡು ಹತ್ತಿದರೆ ಮೂಗಿಗೆ ಸೆರಗು ಒತ್ತಿಕೊಂಡು ನಡುವೆಯೇ ಇಳಿದುಬಿಟ್ಟಿದ್ದೂ ಉಂಟು. ಜೊತೆಗಿದ್ದವರು ಪಿತ್ತ ಇರಬೇಕು, ಲಿಂಬೆಹಣ್ಣು ಮೂಸಿ ನೋಡಿ ಎಂದು ಉಪಚಾರ ಹೇಳುತ್ತಾರೆ. ಪಿತ್ತವೂ ಅಲ್ಲ, ಮಣ್ಣೂ ಅಲ್ಲ. ಅದು ನಾನು ಹುಟ್ಟಿ ಬೆಳೆದ ಮನೆಯ ವಾಸನೆ. ಸಗಣಿ, ಗಂಜಲ, ವಿಭೂತಿ, ಒಲೆಯ ಹೊಗೆ, ಈ ಎಲ್ಲದರ ಮೇಲೆ ಪೆಟ್ರೋಲು. ತವರುಮನೆ ನೆನೆದು ಕಣ್ಣಲ್ಲಿ ನೀರು ತಂದುಕೊಳ್ಳುವ ಹೆಂಗಸರನ್ನು ಬೇಕಾದಷ್ಟು ನೋಡಿದ್ದೇನೆ. ನನಗೆ ನೀರು ಬರುವುದಿಲ್ಲ, ವಾಕರಿಕೆ ಬರುತ್ತದೆ. ಹೇಳಬಾರದು ಅನ್ನುತ್ತಾರೆ. ಯಾಕೆ ಹೇಳಬಾರದು? ಬರುವುದು ಬರುತ್ತದೆ.

ನವಲಗುಂದ ತಾಲ್ಲೂಕಿನಲ್ಲಿ, ಮೊರಬದಿಂದ ಆಚೆಗೆ, ಎರೆಹೊಲಗಳ ನಡುವೆ ನಮ್ಮ ಊರು. ಮನೆ ಮಣ್ಣಿನ ಮಾಳಿಗೆಯದು. ತಲಬಾಗಿಲು ದಾಟಿ ಒಳಗೆ ಬಂದರೆ ಮೊದಲು ದನ ಕಟ್ಟುವ ಜಾಗ, ಬದಿಗೆ ಮೇವು ಹಾಕುವ ಗೋದಲಿ. ಅಲ್ಲಿಂದ ಮೊಣಕಾಲೆತ್ತರ ಏರಿದರೆ ಪಡಸಾಲೆ. ಪಡಸಾಲೆಯ ಹಿಂದೆ ದೇವರ ಕೋಣೆ, ಅದರ ಬಾಜೂಕ್ಕೆ ಅಡುಗೆಮನೆ. ಅಡುಗೆಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು, ಮಳೆಗಾಲದಲ್ಲಿ ಅದರ ಮೇಲೂ ಡಬ್ಬಿ ಬೋರಲು ಹಾಕುತ್ತಿದ್ದರು. ಅಪ್ಪನಿಗೆ ನವಲಗುಂದದಲ್ಲಿ ಬೀಜ-ಗೊಬ್ಬರದ ಅಂಗಡಿ. ದಿನಾ ಬಸ್ಸಿಗೆ ಜೋತುಬಿದ್ದು ಹೋಗುವುದು ಅಂಗಡಿಯ ಮಾಲಕನಿಗೆ ಶೋಭೆಯಲ್ಲ ಎಂದು ಗಾಡಿ ತಂದ. ನಮ್ಮಲ್ಲಿ ಸ್ಕೂಟರಿಗೆ ಗಾಡಿ ಅಂತಲೇ ಅನ್ನುವುದು. ಮುದಿ ಎತ್ತೊಂದನ್ನು ಮಾರಿದ್ದರಿಂದ ಗೋದಲಿಯ ಒಂದು ತುದಿ ಖಾಲಿ ಇತ್ತು, ಗಾಡಿಯನ್ನು ಅಲ್ಲಿ ನಿಲ್ಲಿಸಿದರು. ಹೊದಿಸಲು ಅವ್ವ ಚಳಿಗಾಲಕ್ಕೆಂದು ಹೊಲಿದಿದ್ದ ಹೊಸ ಕೌದಿ. ನಾವು ಹರಕು ಕೌದಿಯೊಳಗೆ ಮುದುಡಿ ಮಲಗುತ್ತಿದ್ದೆವು, ಗಾಡಿ ಹೊಸ ಕೌದಿಯೊಳಗೆ ಬೆಚ್ಚಗಿತ್ತು.

ಮನೆಯಲ್ಲಿ ನಾವು ನಾಲ್ಕು ಜನ. ಅಪ್ಪ, ಅವ್ವ, ನಾನು, ಮತ್ತೆ ಅಪ್ಪನ ತಾಯಿ. ಅವಳನ್ನು ಆಯಿ ಅನ್ನುತ್ತಿದ್ದೆವು. ಆಯಿ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತರೆ ಊಟಕ್ಕೂ ಏಳುತ್ತಿರಲಿಲ್ಲ, ತಾಟು ಅಲ್ಲಿಗೇ ಬರಬೇಕು. ಕೂತಲ್ಲಿಂದ ತಲಬಾಗಿಲು ಕಾಣುತ್ತಿತ್ತು, ಗೋದಲಿ ಕಾಣುತ್ತಿತ್ತು, ಅಡುಗೆಮನೆಯ ಹೊಸ್ತಿಲು ಕಾಣುತ್ತಿತ್ತು. ಅವಳಿಗೆ ಕಾಣದ್ದು ಯಾವುದೂ ಇರಲಿಲ್ಲ, ತನ್ನ ಮಗನ ತಪ್ಪೊಂದನ್ನು ಬಿಟ್ಟು.

ಪ್ರತಿ ಅಮಾವಾಸ್ಯೆಗೆ ಗಾಡಿಗೆ ಪೂಜೆ. ನಮ್ಮ ಕಡೆ ಇದು ಇವತ್ತಿಗೂ ಇದೆ, ಅಮಾವಾಸ್ಯೆ ಬಂತೆಂದರೆ ಲಾರಿ, ಟ್ರ್ಯಾಕ್ಟರು, ಬೈಕು ಎಲ್ಲವೂ ಮಾಲೆ ಹಾಕಿಕೊಂಡು ಓಡಾಡುತ್ತವೆ. ಅವ್ವ ಬೆಳಗಿನಿಂದ ನೀರು ಸೇದಿ ಸೇದಿ ಕೊಡಬೇಕು, ಅಪ್ಪ ಗಾಡಿಯನ್ನು ಎತ್ತಿನ ಮೈ ತೊಳೆದಂತೆ ತೊಳೆಯಬೇಕು. ಗಾಲಿಗೆ ಮೆತ್ತಿಕೊಂಡ ಎರೆಮಣ್ಣನ್ನು ಕಡ್ಡಿಯಿಂದ ಕೆರೆಯುವ ಕೆಲಸ ನನ್ನದು. ಆಮೇಲೆ ಅಪ್ಪ ಅಂಗೈಯಲ್ಲಿ ನೀರು ಹಾಕಿ ವಿಭೂತಿ ಗಟ್ಟಿಯನ್ನು ತೇಯ್ದು, ಮೂರು ಬೆರಳಿನಿಂದ ದೀಪದ ಗಾಜಿಗೆ ಬಳಿಯುತ್ತಿದ್ದ, ಹ್ಯಾಂಡಲಿಗೆ ಬಳಿಯುತ್ತಿದ್ದ. ಕೊನೆಗೆ ಸೀಟು ಎತ್ತಿ ಪೆಟ್ರೋಲ್ ಟಾಕಿಯ ಮುಚ್ಚಳಕ್ಕೂ ದಪ್ಪಗೆ ಬಳಿಯುತ್ತಿದ್ದ. ಗಾಡಿ ಉಣ್ಣುವ ಬಾಯಿ ಅದು, ಉಣ್ಣುವ ಬಾಯಿಗೆ ಭಸ್ಮ ಬೀಳದಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ ಎಂದು ಆಯಿಯ ಅಪ್ಪಣೆ. ಮುಚ್ಚಳದ ನಟ್ಟನಡುವೆ ಸಣ್ಣ ತೂತೊಂದಿತ್ತು. ಕುಂಕುಮ ಇಡಲೆಂದೇ ಕಂಪನಿಯವರು ಜಾಗ ಮಾಡಿ ಕೊಟ್ಟಿದ್ದಾರೇನೋ ಅನ್ನುವ ಹಾಗೆ, ಅಪ್ಪ ಸರಿಯಾಗಿ ಅದರ ಮೇಲೇ ಹಸಿ ಕುಂಕುಮ ಒತ್ತುತ್ತಿದ್ದ. ಹಳೆಯದನ್ನು ಒರೆಸುವ ಹಾಗಿಲ್ಲ, ಅದು ಪ್ರಸಾದ. ಹೀಗೆ ಅಮಾವಾಸ್ಯೆಯ ಮೇಲೆ ಅಮಾವಾಸ್ಯೆ ಪದರು ಕಟ್ಟಿ ಗಾರೆಯಂತೆ ಗಟ್ಟಿಯಾಗಿತ್ತು. ಕಾಯಿ ಒಡೆದು, ಅದರ ನೀರು ಚಿಮುಕಿಸಿ, ಕರ್ಪೂರ ಬೆಳಗಿ, ಎಲ್ಲರೂ ಹೋಳಿಗೆ ಉಣ್ಣುತ್ತಿದ್ದೆವು.

ಮರುದಿನ ಮುಂಜಾನೆ ಗಾಡಿ ಚಾಲೂ ಆಗುತ್ತಿರಲಿಲ್ಲ. ಅದರ ಮರುದಿನವೂ ಅಷ್ಟೆ. ಒಮ್ಮೊಮ್ಮೆ ಒಂದು ವಾರ ಸುಮ್ಮನಿದ್ದು ಮತ್ತೆ ಹಟ ಹಿಡಿಯುತ್ತಿತ್ತು. ಆಗ ಶುರು ಅಪ್ಪನ ರಂಪಾಟ. ಮೊದಲು ಕಿಕ್ ಹೊಡೆಯುವುದು, ಹೊಡೆದು ಹೊಡೆದು ಪಂಚೆ ಸಡಿಲಾಗುವ ತನಕ. ಆಮೇಲೆ ಗಾಡಿಯನ್ನು ಒಂದು ಮಗ್ಗುಲಿಗೆ ವಾಲಿಸಿ ನಿಲ್ಲಿಸುವುದು. ಆಮೇಲೆ ಚೋಕ್ ಎಳೆದು ಮತ್ತೆ ಕಿಕ್. ಆಮೇಲೆ ಪ್ಲಗ್ ಬಿಚ್ಚಿ, ಪಡಸಾಲೆಯ ಮೆಟ್ಟಿಲ ಕಲ್ಲಿಗೆ ಉಜ್ಜಿ, ಬಾಯಿಂದ ಊದಿ, ಅಂಗಿಗೆ ಒರೆಸಿ ಮತ್ತೆ ಹಾಕುವುದು. ಅದಕ್ಕೂ ಬಗ್ಗದಿದ್ದರೆ ಪೈಪು ಕಿತ್ತು ಪೆಟ್ರೋಲು ಬರುತ್ತದೋ ಇಲ್ಲವೋ ಎಂದು ಬಾಯಿಟ್ಟು ಹೀರುವುದು. ಬಾಯಿಗೆ ಬಂದದ್ದನ್ನು ಗೋದಲಿಯ ಪಕ್ಕಕ್ಕೇ ಥೂ ಎಂದು ಉಗುಳುತ್ತಿದ್ದ. ಎಮ್ಮೆ ಮೂಗರಳಿಸಿ ಹಿಂದೆ ಸರಿಯುತ್ತಿತ್ತು. ಅದೇ ಬಾಯಿ, ಅದೇ ಕೈ, ಸರಿಯಾಗಿ ತೊಳೆಯದೆ ಬಂದು ತಾಟಿನ ಮುಂದೆ ಕೂರುತ್ತಿದ್ದ. ನನಗೆ ಪ್ರೀತಿ ಉಕ್ಕಿದ ದಿನ ರೊಟ್ಟಿ ಮುರಿದು ಬದನೆಕಾಯಿ ಪಲ್ಯ ಹಚ್ಚಿ ಬಾಯಿಗಿಡುತ್ತಿದ್ದ. ಛೀ, ಆ ತುತ್ತು! ನುಂಗಿದರೆ ಗಂಟಲೆಲ್ಲ ಪೆಟ್ರೋಲು, ಉಗುಳಿದರೆ ಬೆನ್ನಿಗೆ ಗುದ್ದು.

ಅವ್ವನ ಮೇಲೆ ಆರೋಪ ಬಂದದ್ದು ಇಂಥದೇ ಒಂದು ಮುಂಜಾನೆ. ಅಪ್ಪ ಕಿಕ್ ಹೊಡೆದು ಸುಸ್ತಾಗಿ ನಿಂತಿದ್ದ. ಅವ್ವ ನೀರು ತರಲು ಖಾಲಿ ಕೊಡ ಎತ್ತಿಕೊಂಡು ತಲಬಾಗಿಲ ಕಡೆ ಹೊರಟಳು. ಗಾಡಿ ಅದಕ್ಕೂ ಬಹಳ ಮೊದಲೇ ಹಟ ಹಿಡಿದಿತ್ತು, ಅದನ್ನು ಕಣ್ಣಾರೆ ಕಂಡ ಆಯಿಯೇ ಬಾಯಿ ತೆರೆದಳು.

"ಖಾಲಿ ಕೊಡಾ ಹಿಡಕೊಂಡು ಎದುರಿಗೆ ಬಂದು ನಿಂತಾಳ. ಗಾಡಿ ಹೆಂಗ ಚಾಲೂ ಆಗಬೇಕು?"

ಅಪ್ಪ ಅವ್ವನನ್ನು ಒಳಗೆ ಅಟ್ಟಿದ. ಅವ್ವ ಕೊಡ ಇಳಿಸಿ ಅಡುಗೆಮನೆಗೆ ಹೋದಳು. ಆಮೇಲೆ ಅಪ್ಪ ಸೀಟು ಎತ್ತಿ, ಟಾಕಿಯ ಮುಚ್ಚಳ ತಿರುಗಿಸಿ ತೆಗೆದು, ಪೆಟ್ರೋಲು ಎಷ್ಟಿದೆ ನೋಡೋಣ ಎಂದು ಕಸಬರಿಗೆಯ ಕಡ್ಡಿ ಅದ್ದಿ ನೋಡಿದ. ಬೇಕಾದಷ್ಟಿತ್ತು. ಮುಚ್ಚಳ ಹಾಕಿ, ಸೀಟು ಇಳಿಸಿ, ಸುಮ್ಮನೆ ಇನ್ನೊಂದು ಸಲ ಕಿಕ್ ಹೊಡೆದ. ಗಾಡಿ ಗುಡುಗುಟ್ಟುತ್ತ ಎದ್ದಿತು. ಪಡಸಾಲೆಯೆಲ್ಲ ನೀಲಿ ಹೊಗೆ. ಆ ಹೊಗೆಯ ನಡುವೆ ಆಯಿ ತಲೆಯಾಡಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನ್ಯಾಯ ತೀರ್ಮಾನವಾಗಿ ಹೋಗಿತ್ತು.

ಆಮೇಲೆ ಪ್ರತಿ ಸಲವೂ ಅದೇ ಆಯಿತು. ಗಾಡಿ ಕೈಕೊಟ್ಟ ಕೂಡಲೇ ಅಪ್ಪ ಮೊದಲು ಅವ್ವನನ್ನು ಒಳಗೆ ಕಳಿಸುತ್ತಿದ್ದ, ಆಮೇಲೆ ಮುಚ್ಚಳ ತೆಗೆದು ಪೆಟ್ರೋಲು ನೋಡುತ್ತಿದ್ದ, ಆಮೇಲೆ ಕಿಕ್ ಹೊಡೆಯುತ್ತಿದ್ದ. ಗಾಡಿ ಏಳುತ್ತಿತ್ತು. ಮುಚ್ಚಳದ ಕಡೆ ಯಾರ ಲಕ್ಷ್ಯವೂ ಹೋಗಲಿಲ್ಲ. ಲಕ್ಷ್ಯ ಹೋದದ್ದು ಅವ್ವನ ಮುಖದ ಮೇಲೆ. ಮೊದಮೊದಲು ಖಾಲಿ ಕೊಡ ತರಬಾರದು ಎಂದಿದ್ದದ್ದು, ಆಮೇಲೆ ತುಂಬಿದ ಕೊಡವೂ ಬೇಡ ಎಂದಾಯಿತು, ಆಮೇಲೆ ಅವಳೇ ಬೇಡ ಎಂದಾಯಿತು. ಅಪ್ಪ ಅಂಗಡಿಗೆ ಹೊರಡುವ ಹೊತ್ತಿಗೆ ಅವ್ವ ಅಡುಗೆಮನೆಗೆ ಹೋಗಿ ಕದ ಹಾಕಿಕೊಳ್ಳಬೇಕು. ಕಿಟಕಿ ಇಲ್ಲದ ಕೋಣೆ, ಉರಿಯುವ ಒಲೆ, ಸಾಲದ್ದಕ್ಕೆ ಹಾಕಿದ ಕದ. ಕೆಮ್ಮು ಬಂದರೆ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು, ಯಾಕೆಂದರೆ ಹೊರಡುವಾಗ ಕೆಮ್ಮಿದಳು ಅಂತ ಅದೊಂದು ಬೇರೆ ಬರಬಾರದಲ್ಲ. ನಾನು ಎಷ್ಟೋ ಸಲ ಅವಳ ಜೊತೆ ಒಳಗೆ ಕೂತಿದ್ದೇನೆ. ಹೊರಗೆ ಗಾಡಿ ಎದ್ದ ಸದ್ದು ಕೇಳಿದ ಮೇಲೇ ಅವಳು ಉಸಿರು ಬಿಡುತ್ತಿದ್ದದ್ದು.

ಮಾತು ಮನೆಯೊಳಗೇ ಉಳಿಯಲಿಲ್ಲ. ಆಯಿಯ ಬಾಯಿಗೆ ಬಂದದ್ದು ಊರಿಗೆ ಬಂದಂತೆಯೇ. ಬಾಜೂ ಮನೆಯವರು ಹೊಸ ಟ್ರ್ಯಾಕ್ಟರು ತಂದರು. ಆರತಿ ಮಾಡಲು ಓಣಿಯ ಮುತ್ತೈದೆಯರನ್ನೆಲ್ಲ ಕರೆದರು. ಅವ್ವನೂ ಇದ್ದುದರಲ್ಲಿ ಚಂದದ ಇಳಕಲ್ ಸೀರೆ ಉಟ್ಟುಕೊಂಡು, ನನ್ನ ಕೈ ಹಿಡಿದುಕೊಂಡು ಹೊರಟಳು. ಆ ಮನೆಯ ಯಜಮಾನತಿ ಬಾಗಿಲಲ್ಲೇ ಬಂದು ಅವ್ವನ ಭುಜ ಮುಟ್ಟಿ ಮೆತ್ತಗೆ ಹೇಳಿದಳು.

"ನೀ ಒಳಗ ಕುಂದರು ಬಾ ನೀಲವ್ವ. ಹೊಸಾ ಗಾಡಿ, ಸುಮ್ನ ಯಾಕ."

ಬೈದಿದ್ದರೆ ಬೈದು ಬರಬಹುದಿತ್ತು. ಅಷ್ಟು ಮೆತ್ತಗೆ ಹೇಳಿದರೆ ಏನು ಮಾಡುವುದು? ಅವ್ವ ಅವರ ಅಡುಗೆಮನೆಯಲ್ಲಿ ಹೋಗಿ ಕೂತಳು. ಹೊರಗೆ ಆರತಿಯ ಹಾಡು ನಡೆದಿತ್ತು. ಅವ್ವ ಯಾರದೋ ಮನೆಯ ಶೇಂಗಾ ಬುಟ್ಟಿ ಎಳೆದುಕೊಂಡು ಸುಲಿಯುತ್ತ ಕೂತಳು, ಕೆಲಸಕ್ಕೇ ಬಂದವಳ ಹಾಗೆ. ಅಂದಿನಿಂದ ಅವಳು ಕರೆದರೂ ಹೋಗುವುದನ್ನು ಬಿಟ್ಟಳು. ಯಾರಾದರೂ ಪರ ಊರಿಗೆ ಹೊರಟದ್ದು ಕಂಡರೆ ಗೋಡೆಯ ಮರೆಗೆ ಸರಿದು ನಿಲ್ಲುತ್ತಿದ್ದಳು. ನನಗೆ ಎಲ್ಲಕ್ಕಿಂತ ಹೇಸಿಗೆ ಅನ್ನಿಸಿದ್ದು ಇದು. ಬೇರೆಯವರು ಅನ್ನುವುದು ಒಂದು. ಅವರ ಮಾತು ಇವಳ ಹೊಟ್ಟೆಯೊಳಗೆ ಹೋಗಿ ಕೂತುಬಿಟ್ಟಿತ್ತು. ತನ್ನ ಕಣ್ಣಲ್ಲೇ ಏನೋ ಕೇಡಿದೆ ಎಂದು ಅವಳೇ ನಂಬತೊಡಗಿದ್ದಳು.

ನಾನು ಏಳನೇ ಇಯತ್ತೆಯಲ್ಲಿದ್ದೆ. ಪರೀಕ್ಷೆಗೆ ನವಲಗುಂದಕ್ಕೆ ಹೋಗಬೇಕಿತ್ತು, ಅಪ್ಪನೇ ಗಾಡಿಯ ಮೇಲೆ ಕರೆದೊಯ್ಯುವುದೆಂದು ಠರಾವಾಗಿತ್ತು. ನಮ್ಮಲ್ಲಿ ಮಕ್ಕಳು ಪರೀಕ್ಷೆಗೆ ಹೊರಟರೆ ತಾಯಿ ಬಾಗಿಲಲ್ಲಿ ನಿಂತು ಅಂಗೈಗೆ ಮೊಸರು-ಸಕ್ಕರೆ ಹಾಕಿ ಕಳಿಸಬೇಕು. ಓಣಿಯಲ್ಲಿ ಎಲ್ಲ ತಾಯಂದಿರೂ ಹಾಕುತ್ತಿದ್ದರು. ಆದರೆ ಆಯಿ ಎಲ್ಲರೆದುರು ಮೊದಲೇ ಹೇಳಿಬಿಟ್ಟಳು, ಮೊಸರು ತಾನೇ ಕೊಡುವುದು, ಸೊಸೆ ಹೊರಗೆ ಬರುವುದು ಬೇಡ, ಹುಡುಗಿಯ ವರ್ಷ ಹಾಳಾದೀತು ಎಂದು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಪಾಸಾಗುವುದು ಬಿಡುವುದು ಆಮೇಲಿನ ಮಾತು, ಮೊಸರು ಅವ್ವನ ಕೈಯಿಂದಲೇ ಬೇಕು ಎಂದು ನಾನು ಹಟ ಕಟ್ಟಿದೆ. ಬಾಯಿಬಿಟ್ಟು ಹೇಳಲಿಲ್ಲ, ಒಳಗೇ ಕಟ್ಟಿದೆ.

ಆಗಲೇ ಒಂದು ದಿನ ಅಣ್ಣಿಗೇರಿಯಲ್ಲಿ ಸಂಬಂಧಿಕರ ಮನೆಯ ಕಾರ್ಯಕ್ಕೆ ಹೊರಟೆವು. ನಾನು ಅಪ್ಪನ ಮುಂದೆ ಹ್ಯಾಂಡಲ್ ಹಿಡಿದು ನಿಂತಿದ್ದೆ, ಆಯಿ ಹಿಂದೆ ಒಂದೇ ಮಗ್ಗುಲಿಗೆ ಕಾಲು ಇಳಿಬಿಟ್ಟು ಕೂತಿದ್ದಳು. ಅವ್ವ ಮನೆಯಲ್ಲಿ, ಕದದ ಹಿಂದೆ. ಎರೆಹೊಲಗಳ ನಡುವೆ, ಸುತ್ತ ಒಂದು ಗಿಡದ ನೆರಳಿಲ್ಲದ ಕಡೆ ಗಾಡಿ ಗೊರಗೊರ ಎಂದು ನಿಂತುಬಿಟ್ಟಿತು. ನನಗೆ ಒಳಗೊಳಗೇ ಖುಷಿ. ಈಗ ಯಾರ ಮೇಲೆ ತಪ್ಪು ಹಾಕುತ್ತೀರಿ ಹೇಳಿ ನೋಡೋಣ ಅನ್ನಿಸಿತು. ಅಪ್ಪ ಕಿಕ್ ಹೊಡೆದ, ವಾಲಿಸಿದ, ಪ್ಲಗ್ ಉಜ್ಜಿದ. ಆಯಿ ರಸ್ತೆಯ ದಂಡೆಯ ಮೇಲೆ ಸೆರಗು ಹೊದ್ದು ಕೂತು, ಕಾಲಿಗೆ ಮೆತ್ತಿದ ಮಣ್ಣು ಕೆರೆಯುತ್ತ ಹೇಳಿದಳು.

"ಮನ್ಯಾಗ ಕುಂತು ನಮ್ಮನ್ನ ನೆನಿಸಿರಬೇಕು."

ಅಷ್ಟು ದೂರದಿಂದ! ಅಪ್ಪ ಅದಕ್ಕೆ ಹೂಂಗುಟ್ಟುತ್ತ ಸೀಟು ಎತ್ತಿ ಮುಚ್ಚಳ ತಿರುಗಿಸಿದ. ನಾನು ಅಲ್ಲೇ ಬಗ್ಗಿ ನಿಂತಿದ್ದೆ. ಮುಚ್ಚಳ ಸಡಿಲಾದ ಕೂಡಲೇ ಸುಂಯ್ ಎಂದು ಸದ್ದಾಯಿತು. ಟಾಕಿ ಗಾಳಿ ಎಳೆದುಕೊಂಡ ಸದ್ದು. ಅಪ್ಪ ಕಡ್ಡಿ ಅದ್ದಿ ನೋಡಿದ, ಮುಚ್ಚಿದ, ಕಿಕ್ ಹೊಡೆದ, ಗಾಡಿ ಎದ್ದಿತು. ಆಯಿ ದೇವರಿಗೆ ಕೈ ಮುಗಿದಳು. ಅಣ್ಣಿಗೇರಿ ಮುಟ್ಟುವ ತನಕ ನನ್ನ ಕಿವಿಯಲ್ಲಿ ಆ ಸುಂಯ್ ಎನ್ನುವ ಸದ್ದೇ ಇತ್ತು.

ಅಂಥ ಸದ್ದು ನಾನು ನಮ್ಮ ಅಡುಗೆಮನೆಯಲ್ಲಿ ಕೇಳಿದ್ದೆ. ಶೇಂಗಾ ಎಣ್ಣೆಯ ದೊಡ್ಡ ಡಬ್ಬಿ ಬಂದಾಗ ಅವ್ವ ಮೊಳೆಯಿಂದ ಒಂದು ಮೂಲೆಗೆ ತೂತು ಹೊಡೆಯುತ್ತಿದ್ದಳು, ಆಮೇಲೆ ಎದುರು ಮೂಲೆಗೆ ಇನ್ನೊಂದು. ಒಂದು ಸಲ ನಾನೇ ಹೊಡೆಯುತ್ತೇನೆಂದು ಹೋಗಿ ಒಂದೇ ತೂತು ಹೊಡೆದಿದ್ದೆ. ಡಬ್ಬಿ ಬಗ್ಗಿಸಿದರೆ ಎಣ್ಣೆ ಒಂದು ಚೂರು ಬಂದು ನಿಂತುಬಿಟ್ಟಿತು. ಅವ್ವ ನಕ್ಕು ಮೊಳೆ ಇಸಿದುಕೊಂಡಿದ್ದಳು.

"ಒಂದ ತೂತು ಸಾಲಂಗಿಲ್ಲ. ಅದಕ್ಕೂ ಉಸಿರಾಡಾಕ ಬೇಕಲ್ಲ, ಇನ್ನೊಂದು ಹೊಡಿ."

ಅಣ್ಣಿಗೇರಿಯಿಂದ ಬಂದ ಮರುದಿನ ಮಧ್ಯಾಹ್ನ ಅಪ್ಪ ಉಂಡು ಮಲಗಿದ್ದ, ಆಯಿ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದಳು. ನಾನು ಕೌದಿ ಸರಿಸಿ ಸೀಟು ಎತ್ತಿದೆ. ಮುಚ್ಚಳದ ನಡುವೆ ತೂತು ಇದ್ದ ಗುರುತೇ ಇಲ್ಲ. ವಿಭೂತಿ, ಕುಂಕುಮ, ಎಣ್ಣೆ, ದೂಳು ಎಲ್ಲ ಕೂಡಿ ಕಂದು ಬಣ್ಣದ ಹಕ್ಕಳೆ ಕಟ್ಟಿತ್ತು, ಹಳೆಯ ಗಾಯದ ಮೇಲಿನದರಂತೆ. ತಲೆಯಿಂದ ಪಿನ್ನು ತೆಗೆದು ಕೆರೆದೆ. ಪದರುಪದರಾಗಿ ಕಿತ್ತು ಬಂತು. ಕೊನೆಗೆ ಪಿನ್ನಿನ ತುದಿ ಆ ಕಡೆ ಇಳಿಯಿತು. ಉಗುರಿನೊಳಗೆಲ್ಲ ಹೊಕ್ಕ ಆ ಜಿಡ್ಡನ್ನು ಬೂದಿ ಹಾಕಿ ತಿಕ್ಕಿದರೂ ವಾಸನೆ ಹೋಗಲಿಲ್ಲ.

ಆಮೇಲೆ ಕಾದು ನೋಡಿದೆ. ಮರುದಿನ ಒಂದೇ ಕಿಕ್ಕಿಗೆ ಎದ್ದಿತು. ಅದರ ಮರುದಿನವೂ ಎದ್ದಿತು. ಇನ್ನೊಂದು ದಿನ ಬೇಕೆಂತಲೇ ಅಡುಗೆಮನೆಯ ಕದವನ್ನು ಸ್ವಲ್ಪ ತೆರೆದಿಟ್ಟು, ಅವ್ವನಿಗೆ ಸಂದಿಯಿಂದ ನೋಡು ಅಂದೆ. ಅವಳು ಹೆದರಿ ಹೆದರಿ ನೋಡಿದಳು. ಗಾಡಿ ಎದ್ದು ಹೋಯಿತು. ಆಗ ಅವಳನ್ನು ಕೂರಿಸಿ, ಎಣ್ಣೆ ಡಬ್ಬಿಯ ಲೆಕ್ಕದಲ್ಲೇ ಎಲ್ಲ ಹೇಳಿದೆ. ಮುಚ್ಚಳದ ತೂತು ಕಟ್ಟಿದರೆ ಗಾಳಿ ಇಲ್ಲದೆ ಪೆಟ್ರೋಲು ಇಳಿಯುವುದಿಲ್ಲ, ಗಾಡಿ ನಿಲ್ಲುವುದು ನಿನ್ನಿಂದ ಅಲ್ಲ, ಅಪ್ಪ ಇಡುವ ಕುಂಕುಮದಿಂದ ಎಂದೆ. ಅವ್ವ ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ಖರೇನ?"

"ಖರೇ ಬೇ. ನೀ ಸಂದ್ಯಾಗಿಂದ ನೋಡಿದೆಲ್ಲ, ಆಗೂ ಚಾಲೂ ಆತಲ್ಲ?"

ಅವಳು ಮತ್ತೆ ಖರೇನ ಎಂದು ಕೇಳಿದಳು. ಕೆಲಸದ ನಡುನಡುವೆ ಸಂಜೆಯ ತನಕ ಕೇಳುತ್ತಲೇ ಇದ್ದಳು. ದೀಪ ಹಚ್ಚುವ ಹೊತ್ತಿಗೆ ತಾನೇ ಹೇಳಿದಳು.

"ಹಂಗಾದ್ರ ಪರೀಕ್ಷಾಕ್ಕ ಹೋಗೂ ಮುಂದ ಮೊಸರು ನಾನ ಕೊಡ್ತೇನಿ."

ಅವಳ ಬಾಯಿಂದ "ನಾನ" ಎಂಬ ಮಾತು ಅಷ್ಟು ಗಟ್ಟಿಯಾಗಿ ಬಂದದ್ದನ್ನು ನಾನು ಮೊದಲು ಕೇಳಿರಲಿಲ್ಲ. ಅಪ್ಪನಿಗೆ ತಿಳಿಸದೆ ಇದು ಆಗುವಂತಿರಲಿಲ್ಲ. ಪರೀಕ್ಷೆಯ ಹಿಂದಿನ ಸಂಜೆ ಅಪ್ಪ ಅಂಗಡಿಯಿಂದ ಬಂದು ಗಾಡಿಗೆ ಕೌದಿ ಹೊದಿಸುತ್ತಿದ್ದಾಗ ಹೋಗಿ ಹೇಳಿದೆ. ಸೀಟು ಎತ್ತಿ ತೋರಿಸಿದೆ. ತೂತು ತೋರಿಸಿದೆ. ಇದನ್ನು ಕೆರೆದಾಗಿನಿಂದ ಒಂದು ದಿನವಾದರೂ ಗಾಡಿ ನಿಂತಿದೆಯಾ ಎಂದು ಕೇಳಿದೆ. ಅಪ್ಪ ಮುಚ್ಚಳ ನೋಡಿದ, ನನ್ನನ್ನು ನೋಡಿದ. ಅವನಿಗೆ ತಿಳಿಯಿತು. ಆ ಮುಖ ನನಗೆ ಗೊತ್ತು, ತಿಳಿದದ್ದು ಅದರ ಮೇಲೆ ಸ್ಪಷ್ಟವಾಗಿ ಬಂದು ಹೋಯಿತು. ಮರುಗಳಿಗೆಗೆ ನನ್ನ ಕೆನ್ನೆಯ ಮೇಲೆ ಏಟು ಬಿತ್ತು.

"ದೇವರ ಭಸ್ಮ ಕೆರದು ಹಾಕೀಯಾ? ಯಾರು ಹೇಳಿಕೊಟ್ರು? ನಿಮ್ಮವ್ವ ಹೇಳಿಕೊಟ್ಲೇನು?"

ಆಯಿ ಕಂಬದ ಬುಡದಿಂದ ಶಿವಶಿವಾ ಎಂದಳು. ನಾನು ಅಳಲಿಲ್ಲ, ಗೋದಲಿಯ ಆ ತುದಿಗೆ ಎಮ್ಮೆಯ ಮರೆಯಲ್ಲಿ ಹೋಗಿ ಕೂತೆ. ಅದಕ್ಕೇ ಮುಂದಿನದೆಲ್ಲ ನನ್ನ ಕಣ್ಣಿಗೆ ಬಿತ್ತು. ಆಯಿ ಕೈಕಾಲು ತೊಳೆಯಲು ಬಚ್ಚಲಿಗೆ ಹೋದಳು. ಅಪ್ಪ ದೇವರ ಕೋಣೆಯಿಂದ ವಿಭೂತಿ, ಕುಂಕುಮ ತಂದ. ಸೀಟು ಎತ್ತಿದ. ಮುಚ್ಚಳ ತೆಗೆದು ಬೆಳಕಿಗೆ ಹಿಡಿದು ತೂತಿನೊಳಗೆ ಕಣ್ಣಿಟ್ಟು ನೋಡಿದ. ಬಾಯಿಟ್ಟು ಫೂ ಎಂದು ಊದಿದ. ಆಮೇಲೆ ಮೂರು ಬೆರಳಿನಿಂದ ಬಹಳ ಜೋಪಾನವಾಗಿ, ತೂತನ್ನು ಬಿಟ್ಟು ಆಚೆಗೊಂದು ಗೆರೆ, ಈಚೆಗೆರಡು ಗೆರೆ ಎಳೆದ. ಕುಂಕುಮವನ್ನು ಅಂಚಿಗೆ ಇಟ್ಟ. ಯಾರಾದರೂ ನೋಡಿದರೇನೋ ಎಂದು ಒಮ್ಮೆ ಹೊರಳಿ ನೋಡಿ ಕೌದಿ ಹೊದಿಸಿದ. ನನಗೆ ಏಟಿನ ನೋವೆಲ್ಲ ಹಾರಿಹೋಯಿತು. ಒಪ್ಪಿಕೊಂಡ, ಬಾಯಲ್ಲಿ ಹೇಳದಿದ್ದರೆ ಅಷ್ಟೇ ಹೋಯಿತು ಎಂದು ಒಳಗೆ ಓಡಿಹೋಗಿ ಅವ್ವನಿಗೆ ಹೇಳಿದೆ. ಅವ್ವ ಸಣ್ಣ ಗಡಿಗೆಯಲ್ಲಿ ಬೇರೆಯಾಗಿ ಹಾಲು ಹೆಪ್ಪು ಹಾಕಿದಳು.

ಮುಂಜಾನೆ ಅವ್ವ ಎಲ್ಲರಿಗಿಂತ ಮೊದಲು ತಲೆಸ್ನಾನ ಮಾಡಿ ಆ ಇಳಕಲ್ ಸೀರೆ ಉಟ್ಟಿದ್ದಳು. ನನ್ನ ಜಡೆ ಬಿಗಿಯಾಗಿ ಹೆಣೆದಳು. ಅಪ್ಪ ಗಾಡಿಯನ್ನು ತಲಬಾಗಿಲ ಕಡೆ ತಿರುಗಿಸಿದಾಗ ಅವಳು ಬೆಳ್ಳಿಯ ಬಟ್ಟಲಿನಲ್ಲಿ ಮೊಸರು-ಸಕ್ಕರೆ ಹಿಡಿದು ಪಡಸಾಲೆಯ ಅಂಚಿಗೆ ಬಂದು ನಿಂತಳು. ಆಯಿಯ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಅಪ್ಪ ಅವ್ವನನ್ನು ನೋಡಿದ. ಕಿಕ್ ಹೊಡೆದ. ಅವ್ವ ಎದುರಿಗೇ ನಿಂತಿರುವಾಗ, ಒಂದೇ ಏಟಿಗೆ, ಗಾಡಿ ಎದ್ದಿತು. ನಾನು ಅವ್ವನ ಮುಖ ನೋಡಿದೆ. ಅವಳ ಕಣ್ಣು ಗಾಡಿಯ ಮೇಲಿತ್ತು. ಆ ಮುಖದ ಮೇಲೆ ಆಗ ಬಂದ ಬೆಳಕನ್ನು ನಾನು ಆಮೇಲೆ ಎಂದೂ ನೋಡಲಿಲ್ಲ. ಅವಳು ಮೆಟ್ಟಿಲಿಗೆ ಒಂದು ಕಾಲು ಇಳಿಸಿದಳು.

ಅಪ್ಪ ಗಾಡಿ ಬಂದ್ ಮಾಡಿದ.

"ಒಳಗ ನಡಿ. ಕದಾ ಹಾಕ್ಕೋ."

ಸಿಟ್ಟಿನಲ್ಲೂ ಹೇಳಲಿಲ್ಲ. ದಿನಾ ಹೇಳುವ ಹಾಗೆಯೇ ಹೇಳಿದ. ಅವ್ವ ಇಳಿಸಿದ ಕಾಲು ಮೇಲೆ ತೆಗೆದುಕೊಂಡಳು. ಆಯಿ ಎದ್ದು ಬಂದು ಅವಳ ಕೈಯಿಂದ ಬಟ್ಟಲು ಇಸಿದುಕೊಂಡಳು. ಅವ್ವ ಅಡುಗೆಮನೆಗೆ ಹೋದಳು, ಕದ ಹಾಕಿಕೊಂಡ ಸದ್ದಾಯಿತು. ಆಮೇಲೆ ಅಪ್ಪ ಮತ್ತೊಂದು ಕಿಕ್ ಹೊಡೆದ, ಗಾಡಿ ಎದ್ದಿತು, ನೋಡಿದೆಯಾ ಎನ್ನುವಂತೆ ಆಯಿ ನನ್ನ ಕಡೆ ನೋಡಿದಳು. ಗೊತ್ತಿಲ್ಲದೆ ಮಾಡಿದವರನ್ನು ನಾನು ಎಂದೋ ಕ್ಷಮಿಸಿಬಿಟ್ಟಿದ್ದೇನೆ. ಆಯಿಗೆ ಗೊತ್ತಿರಲಿಲ್ಲ, ಓಣಿಗೆ ಗೊತ್ತಿರಲಿಲ್ಲ. ಇವನಿಗೆ ಗೊತ್ತಿತ್ತು. ಹಿಂದಿನ ಸಂಜೆ ತೂತಿಗೆ ಬಾಯಿಟ್ಟು ಊದಿದ ಮನುಷ್ಯ ಇವನು. ಗಾಡಿಯನ್ನು ಸರಿಮಾಡಿಕೊಂಡ, ಹೆಂಡತಿಯನ್ನು ಮಾತ್ರ ಇದ್ದಲ್ಲೇ ಬಿಟ್ಟ. ಇಷ್ಟು ದಿನ ತಾನು ಮೂರ್ಖನಾಗಿದ್ದೆ ಎಂದು ತಾಯಿಯ ಎದುರು ತೋರಿಸಿಕೊಳ್ಳುವುದಕ್ಕಿಂತ ಇದು ಅವನಿಗೆ ಸಸ್ತಾ ಅನ್ನಿಸಿರಬೇಕು. ಆಯಿ ನನ್ನ ಅಂಗೈಗೆ ಮೊಸರು ಹಾಕಿದಳು. ಬಾಯಿಗೆ ಹಾಕಿಕೊಂಡೆ, ನುಂಗಲಿಲ್ಲ. ಊರ ಹೊರಗಿನ ಹಳ್ಳ ಬರುವ ತನಕ ಹಾಗೇ ಇಟ್ಟುಕೊಂಡಿದ್ದು ಅಲ್ಲಿ ಉಗುಳಿದೆ.

ಪರೀಕ್ಷೆ ಪಾಸಾಯಿತು. ಆಯಿ ಅದನ್ನು ತನ್ನ ಕೈಗುಣ ಎಂದು ಹೇಳಿಕೊಂಡು ತಿರುಗಿದಳು. ಗಾಡಿ ಬಹಳ ವರ್ಷ ಚೆನ್ನಾಗಿ ಓಡಿತು. ಪ್ರತಿ ಅಮಾವಾಸ್ಯೆಗೆ ಅಪ್ಪ ತೂತು ಬಿಟ್ಟು ಭಸ್ಮ ಬಳಿದ, ಪ್ರತಿ ಮುಂಜಾನೆ ಅವ್ವ ಕದ ಹಾಕಿಕೊಂಡಳು. ನಾನು ಆಮೇಲೆಯೂ ಬೇಕಾದಷ್ಟು ಸಲ ಅವಳಿಗೆ ಹೇಳಿದೆ. ಅವಳು ಖರೇನ ಎಂದು ಕೇಳುವುದನ್ನು ಬಿಟ್ಟಿದ್ದಳು. ನಿಮ್ಮಪ್ಪ ತಾನೇ ಬಂದ್ ಮಾಡಿ ಒಳಗ ಹೋಗು ಅಂದ ಮೇಲೆ ಏನಾದರೂ ಇರಬೇಕಲ್ಲ ಅನ್ನುತ್ತಿದ್ದಳು. ಅವಳಿಗಿದ್ದ ಒಂದೇ ಸಾಕ್ಷಿಯನ್ನು ಅವನು ಹೀಗೆ ಅಳಿಸಿ ಹಾಕಿದ್ದ.

ಈಗ ಅಪ್ಪನೂ ಇಲ್ಲ, ಆಯಿಯೂ ಇಲ್ಲ. ಅವ್ವ ಕಲಘಟಗಿಯಲ್ಲಿ ನನ್ನ ಮನೆಯಲ್ಲಿದ್ದಾಳೆ. ನಾನು ಬಮ್ಮಿಗಟ್ಟಿ ಕಡೆಯ ಒಂದು ಶಾಲೆಯಲ್ಲಿ ಕಲಿಸುತ್ತೇನೆ, ಹೋಗಿ ಬರಲು ಕರೆಂಟಿನ ಗಾಡಿ ತಗೊಂಡಿದ್ದೇನೆ. ಅದಕ್ಕೆ ಟಾಕಿ ಇಲ್ಲ, ಪ್ಲಗ್ ಇಲ್ಲ, ಕಿಕ್ ಇಲ್ಲ, ಬಹಳ ಮುಖ್ಯವಾಗಿ ವಾಸನೆ ಇಲ್ಲ. ತಗೊಂಡ ದಿನ ನಾನು ಅದಕ್ಕೆ ಅರಿಸಿನವನ್ನೂ ತಾಗಿಸಲಿಲ್ಲ, ಅಕ್ಕಪಕ್ಕದವರು ಏನು ಬೇಕಾದರೂ ಅಂದುಕೊಳ್ಳಲಿ. ಆದರೆ ನಾನು ಚಾವಿ ಕೈಗೆ ತಗೊಂಡ ಸದ್ದಾದರೆ ಸಾಕು, ಹೊರಗಿನ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತ ಅವ್ವ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋಗಿಬಿಡುತ್ತಾಳೆ. ಕೂಗಾಡಿದ್ದೇನೆ, ಕೈ ಹಿಡಿದು ಕೂರಿಸಿದ್ದೇನೆ. ಮೊನ್ನೆ ಮುಂಜಾನೆ ಹಾಗೇ ಒತ್ತಾಯದಿಂದ ಕೂರಿಸಿ, ನೀನು ನೋಡುತ್ತಿರುವಾಗಲೇ ಹೋಗುತ್ತೇನೆ ನೋಡು ಎಂದು ಗಾಡಿ ಹತ್ತಿದೆ. ಬಟನ್ ಒತ್ತಿದರೆ ಗಾಡಿ ಮಿಸುಕಲಿಲ್ಲ. ಮತ್ತೆ ಒತ್ತಿದೆ. ಇಲ್ಲ. ಆಮೇಲೆ ನೆನಪಾಯಿತು, ಪಕ್ಕದ ಸ್ಟ್ಯಾಂಡು ಮೇಲೆತ್ತದಿದ್ದರೆ ಈ ಗಾಡಿ ಹೊರಡುವುದಿಲ್ಲ. ಬಗ್ಗಿ ನೋಡಿ ಸ್ಟ್ಯಾಂಡು ಮೇಲೆತ್ತಿದೆ, ಒತ್ತಿದೆ, ದೀಪ ಹತ್ತಿತು. ನೋಡಿದೆಯಾ ಎಂದು ತಲೆ ಎತ್ತಿದರೆ ಕಟ್ಟೆ ಖಾಲಿ. ಅಡುಗೆಮನೆಯ ಕದದ ಹಿಂದಿನಿಂದ ಅವಳ ಧ್ವನಿ ಬಂತು.

"ಚಾಲೂ ಆತೇನ?"

ಆಯಿತು ಎಂದೆ.

"ನೋಡು, ನಾ ಒಳಗ ಬಂದ ಕೂಡ್ಲೇ ಆತು."

ಆ ಧ್ವನಿಯಲ್ಲಿ ದುಃಖ ಇರಲಿಲ್ಲ. ಮಗಳಿಗೆ ತನ್ನಿಂದಾದ ಉಪಕಾರ ಮಾಡಿದ ಸಮಾಧಾನ ಇತ್ತು. ನಾನು ಗಾಡಿ ಬಂದ್ ಮಾಡಿ ಇಳಿದು ಅಡುಗೆಮನೆಯ ಮುಂದೆ ಹೋಗಿ ನಿಂತೆ. ಹೊರಗೆ ಬಾ ಬೇ ಎಂದು ಕರೆದೆ. ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು.